ಗೋಡೆಗೆ ಎಳೆದ ಗೆರೆ

ದೀಪ ಹಚ್ಚಿದವನಿಗೆ ಪುಣ್ಯ ಬರುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪಾಪ, ಅವರು ಕಂಡದ್ದು ಹಣತೆ, ಸಮೆ, ಹೆಚ್ಚೆಂದರೆ ಮದುವೆಯ ಮನೆಯ ಪೆಟ್ರೋಮ್ಯಾಕ್ಸು. ರಾತ್ರಿ ಎದುರಿನಿಂದ ಧಾವಿಸಿ ಬರುವ ಮೋಟಾರಿನ ಎರಡು ದೀಪಗಳನ್ನು ಕಂಡಿದ್ದರೆ, ಆ ಮಾತಿಗೆ ‘ಬಗ್ಗಿಸಿ ಹಚ್ಚಿದವನಿಗೆ’ ಎಂದು ಒಂದು ತಿದ್ದುಪಡಿ ತರುತ್ತಿದ್ದರೋ ಏನೋ. ಸರಕಾರಿ ಗುಮಾಸ್ತನಾದ ನನಗೆ ತಿದ್ದುಪಡಿಗಳ ಮೇಲೆ ತುಸು ಮೋಹ ಹೆಚ್ಚು, ಓದುಗರು ಮನ್ನಿಸಬೇಕು.

ಗುಜರಾತಿನಲ್ಲಿರುವ ಕನ್ನಡಿಗರಾದ ನಮಗೆ ರಸ್ತೆಯ ಸಹವಾಸ ತಪ್ಪಿದ್ದಲ್ಲ. ನನ್ನ ಕಚೇರಿ ವಡೋದರಾದಲ್ಲಿ, ಅಕ್ಕನ ಮನೆ ಸೂರತ್ತಿನಲ್ಲಿ, ನಂಟರಿಷ್ಟರ ಮದುವೆ ಮುಂಜಿಗಳು ಅಹಮದಾಬಾದಿನಲ್ಲಿ. ಇವಲ್ಲದೆ ವರ್ಷಕ್ಕೊಮ್ಮೆ ಧಾರವಾಡ. ೨೦೧೦ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ಹಳೆಯ ಎಂಟು, ಹಳೆಯ ನಾಲ್ಕು ಕೂಡಿ ೪೮ ಆಯಿತಲ್ಲ, ಅಂದಿನಿಂದ ನಮ್ಮ ಊರಿನ ದಾರಿಗೂ ಇಲ್ಲಿಯ ದಾರಿಗೂ ಒಂದೇ ಹೆಸರು. ಭರೂಚಿನಲ್ಲಿ ನರ್ಮದೆಯನ್ನು ದಾಟುವ ರಸ್ತೆಯೇ ಮುಂಬಯಿ, ಪುಣೆ, ಕೊಲ್ಲಾಪುರಗಳನ್ನು ಬಳಸಿಕೊಂಡು ಬೆಳಗಾವಿಗೆ, ಧಾರವಾಡಕ್ಕೆ ಬರುತ್ತದೆ ಎಂಬುದು ನೆನಪಾದರೆ ಎಷ್ಟೋ ಸಲ ಕಾರಣವಿಲ್ಲದೆ ಸಮಾಧಾನವಾಗುತ್ತದೆ.

ಎರಡು ವರ್ಷಗಳ ಹಿಂದೆ ಒಂದು ಹಳೆಯ ಕಾರು ಕೊಂಡೆ. ಮುಂದಿನ ಬಂಪರು ನೆಗ್ಗಿದ್ದರಿಂದ ಒಂದು ಗ್ಯಾರೇಜಿನಲ್ಲಿ ಬಿಚ್ಚಿಸಿ ಸರಿಮಾಡಿಸಿದ್ದಾಯಿತು. ಅಂದಿನಿಂದ ರಾತ್ರಿಯ ಹೊತ್ತು ಒಂದು ವಿಚಿತ್ರ ಸುರುವಾಯಿತು. ನಾನು ದೀಪವನ್ನು ಡಿಪ್ ಮಾಡಿಯೇ ಹೋಗುತ್ತಿದ್ದರೂ ಎದುರಿನವರೆಲ್ಲ ತಮ್ಮ ದೀಪವನ್ನು ಪಕಪಕನೆ ಮಿಟುಕಿಸುವರು. ಗ್ಯಾರೇಜಿನವನನ್ನು ಕೇಳಿದರೆ, “ನಿಮ್ಮ ಲೈಟು ಜೋರಾಗಿದೆ ಸಾಹೇಬರೇ, ಸಂತೋಷಪಡಿ” ಎಂದ.

ಸಂತೋಷಪಡುವುದಕ್ಕೆ ನನ್ನಿಂದ ಆಗಲಿಲ್ಲ. ಅದಕ್ಕೆ ಕಾರಣವಿತ್ತು. ಅದೇ ತಿಂಗಳು ನಮ್ಮ ಕಚೇರಿಯ ಜವಾನ ಸಂಜೆ ಸೈಕಲ್ಲಿನ ಮೇಲೆ ಮನೆಗೆ ಹೋಗುವಾಗ ಹಿಂದಿನಿಂದ ಒಂದು ಕಾರು ತಾಗಿ ಬಿದ್ದು ಕಾಲು ಮುರಿದುಕೊಂಡಿದ್ದ. ತಾಗಿಸಿದವನು ಓಡಿಹೋಗಲಿಲ್ಲ, ತಾನೇ ಎತ್ತಿ ಆಸ್ಪತ್ರೆಗೆ ಒಯ್ದ, ಅತ್ತ. ಎದುರಿನಿಂದ ಬಂದ ವಾಹನದ ಬೆಳಕಿಗೆ ಕಣ್ಣು ಕತ್ತಲಿಟ್ಟು, ತನ್ನ ಮುಂದೆಯೇ ಇದ್ದ ಸೈಕಲ್ಲು ಅವನಿಗೆ ಕಾಣಲಿಲ್ಲವಂತೆ. ಆ ಎದುರಿನ ವಾಹನದವನಿಗೆ ಇದಾವುದೂ ಗೊತ್ತಿಲ್ಲ. ಅವನು ನೆಟ್ಟಗೆ ಮನೆಗೆ ಹೋಗಿ ಊಟ ಮಾಡಿ ಮಲಗಿರಬೇಕು. ಜವಾನನನ್ನು ನೋಡಲು ಆಸ್ಪತ್ರೆಗೆ ಹೋದಾಗ ಈ ಸಂಗತಿ ಕೇಳಿ, ಆ ದಿನ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಮ್ಮ ಸೊಸೈಟಿಯಲ್ಲಿ ನಿವೃತ್ತ ಮೋಟಾರು ಮೆಕ್ಯಾನಿಕರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ನನ್ನ ಕಷ್ಟ ಕೇಳಿ ನಕ್ಕರು. “ಭಾಯಿ, ಇದಕ್ಕೆ ಗ್ಯಾರೇಜು ಬೇಡ. ಒಂದು ಗೋಡೆ ಬೇಕು, ಒಂದು ಟೇಪು ಬೇಕು, ಸ್ವಲ್ಪ ತಾಳ್ಮೆ ಬೇಕು” ಎಂದರು. ಮೊದಲನೆಯ ಎರಡು ನಮ್ಮಲ್ಲಿದ್ದವು.

ಮಾರನೆಯ ದಿನ ಕತ್ತಲಾದ ಮೇಲೆ ಕಾರನ್ನು ಸಮತಟ್ಟಾದ ಜಾಗದಲ್ಲಿ ಕಾಂಪೌಂಡು ಗೋಡೆಗೆ ನೇರ ಮುಖಮಾಡಿ ನಿಲ್ಲಿಸಿದೆವು. ದೀಪದಿಂದ ಗೋಡೆಗೆ ಸರಿಯಾಗಿ ೧೦ ಮೀಟರು. ನಾಲ್ಕೂ ಗಾಲಿಗಳ ಗಾಳಿಯನ್ನು ಬೆಳಿಗ್ಗೆಯೇ ಸರಿಮಾಡಿಸಿದ್ದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲು. ಡಿಕ್ಕಿ ಖಾಲಿ. ಸ್ಟಿಯರಿಂಗಿನ ಪಕ್ಕದಲ್ಲಿ ೦, ೧, ೨, ೩ ಎಂದು ಬರೆದ ಸಣ್ಣ ಗುಂಡಿಯೊಂದಿದೆ; ಅದನ್ನು ಸೊನ್ನೆಗೆ ತಿರುಗಿಸಿದ್ದಾಯಿತು. ಡ್ರೈವರನ ಸೀಟಿನಲ್ಲಿ ಒಬ್ಬರು ಕೂರಬೇಕಂತೆ, ಏಕೆಂದರೆ ಓಡಿಸುವಾಗ ಆ ಭಾರ ಇದ್ದೇ ಇರುತ್ತದೆ. ನಮ್ಮ ಮನೆಯವಳನ್ನು ಕೂರಿಸಿದೆವು. ಕಾಕಾ ಕಾರನ್ನು ಹಿಂದೆ ಮುಂದೆ ನಾಲ್ಕು ಸಲ ಒತ್ತಿ ಅಲುಗಿಸಿ, ಸ್ಪ್ರಿಂಗು ತನ್ನ ಜಾಗಕ್ಕೆ ಕೂರುವಂತೆ ಮಾಡಿದರು.

ದೀಪದ ನಡುಮಧ್ಯ ನೆಲದಿಂದ ೬೫ ಸೆಂಟಿಮೀಟರು ಇತ್ತು. ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಟೇಪಿನ ಒಂದು ಅಡ್ಡಪಟ್ಟಿ. ಅದಕ್ಕಿಂತ ೧೦ ಸೆಂಟಿಮೀಟರು ಕೆಳಗೆ ಇನ್ನೊಂದು. ಎರಡು ದೀಪಗಳ ಎದುರಿಗೆ ಎರಡು ಲಂಬಪಟ್ಟಿ.

“ಏನ್ರೀ, ದೀಪಾವಳಿಗೆ ಸುಣ್ಣಾ ಬಳದ ಗ್ವಾಡಿಗೆ ಹಿಂಗ ಪಟ್ಟಿ ಹಚ್ಚೀರಲ್ಲ, ಸೆಕ್ರೆಟರಿ ನೋಡಿದರ ಏನಂತಾರ?” ಎಂದು ಒಳಗಿನಿಂದ ಆಕ್ಷೇಪಣೆ ಬಂತು. ಅದನ್ನು ಕಡತಕ್ಕೆ ಸೇರಿಸಿ ಮುಂದುವರಿಸಿದೆವು.

ಡಿಪ್ ದೀಪ ಹಾಕಿದಾಗ ಗೋಡೆಯ ಮೇಲೆ ಬೆಳಕಿಗೂ ಕತ್ತಲೆಗೂ ನಡುವೆ ಒಂದು ಅಂಚು ಕಾಣುತ್ತದೆ. ನಮ್ಮದು ಎಡಬದಿಯ ಸಂಚಾರವಾದ್ದರಿಂದ ಆ ಅಂಚು ಬಲಕ್ಕೆ ಮಟ್ಟವಾಗಿದ್ದು, ಎಡಕ್ಕೆ ಓರೆಯಾಗಿ ಮೇಲೇರುತ್ತದೆ. ಎದುರಿನವನ ಕಣ್ಣಿಗೆ ಹೊಡೆಯಬಾರದು, ರಸ್ತೆಯ ಎಡ ಅಂಚಿನಲ್ಲಿ ನಡೆಯುವವನು ಮಾತ್ರ ಕಾಣಬೇಕು ಎಂದು ಮಾಡಿದ ಏರ್ಪಾಡು ಅದು. ಮಟ್ಟವಾದ ಭಾಗ ಕೆಳಗಿನ ಪಟ್ಟಿಯ ಮೇಲೆ ಕೂರಬೇಕು. ನನ್ನ ಕಾರಿನ ಬಲದೀಪದ ಅಂಚು ಮೇಲಿನ ಪಟ್ಟಿಯನ್ನೂ ದಾಟಿ ಕೂತಿತ್ತು!

ಬಾನೆಟ್ಟು ಎತ್ತಿ, ಒಂದು ದೀಪಕ್ಕೆ ಕ್ಷಣಕಾಲ ಬಟ್ಟೆ ಮುಚ್ಚಿ, ಇನ್ನೊಂದರ ಹಿಂದಿನ ತಿರುಪಿಗೆ ಕಾಕಾ ಸ್ಕ್ರೂಡ್ರೈವರು ಹಾಕಿದರು. ಒಂದು ತಿರುಪು ಮೇಲೆ ಕೆಳಗೆ, ಇನ್ನೊಂದು ಆಚೆ ಈಚೆ. ನಾನು ಗೋಡೆಯ ಬಳಿ ನಿಂತು, “ಥೋಡುಂ ನೀಚೇ, ಥೋಡುಂ ನೀಚೇ” ಎನ್ನುತ್ತಿದ್ದೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಖರ್ಚು ಟೇಪಿನದು ಮಾತ್ರ. ಕಾಕಾ ಒಂದು ಲೋಟ ಚಹಾಕ್ಕೆ ಒಪ್ಪಿದರು. ಕೆಲವು ದೀಪಗಳ ಮೇಲೆಯೇ ೧.೨% ಎಂದೋ ಮತ್ತೊಂದೋ ಅಚ್ಚು ಹಾಕಿರುತ್ತಾರೆ. ಹಾಗಿದ್ದರೆ ೧೦ ಮೀಟರಿಗೆ ೧೨ ಸೆಂಟಿಮೀಟರು ಇಳಿಸಬೇಕು.

ಹತ್ತು ಸೆಂಟಿಮೀಟರಿಗೆ ಇಷ್ಟು ಗದ್ದಲವೇಕೆ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿ. ೬೫ ಸೆಂಟಿಮೀಟರು ಎತ್ತರದ ದೀಪದ ಅಂಚು ಹೀಗೆ ಇಳಿಯುತ್ತ ೬೫ ಮೀಟರು ದೂರದಲ್ಲಿ ನೆಲ ಮುಟ್ಟುತ್ತದೆ. ಆ ದೀಪ ಒಂದೇ ಒಂದು ಡಿಗ್ರಿ ಮೇಲಕ್ಕೆ ತಿರುಗಲಿ. ಗೋಡೆಯ ಮೇಲೆ ಅದು ೧೭ ಸೆಂಟಿಮೀಟರು, ಒಂದು ಗೇಣೂ ಅಲ್ಲ. ಆದರೆ ೬೦ ಮೀಟರಿನಾಚೆ ಅದೇ ಅಂಚು ನೆಲದಿಂದ ೧೧೦ ಸೆಂಟಿಮೀಟರು ಎತ್ತರಕ್ಕೆ ಏರಿರುತ್ತದೆ. ಎದುರಿನ ಕಾರಿನವನ ಕಣ್ಣು ಇರುವುದು ಸುಮಾರು ಅಲ್ಲಿಯೇ. ಗಂಟೆಗೆ ೬೦ ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ ೧೬ ಮೀಟರಿಗಿಂತ ಹೆಚ್ಚು ಓಡುತ್ತದೆ. ಅಷ್ಟು ದೂರವನ್ನು ಅವನು ಕುರುಡನಾಗಿ ಓಡಬೇಕು.

ಇನ್ನೊಂದು ಲೆಕ್ಕ ನಮ್ಮಂಥವರಿಗೇ ಮೀಸಲಾದದ್ದು. ಊರಿಂದ ಹಿಂದಿರುಗುವ ಕನ್ನಡಿಗನ ಡಿಕ್ಕಿಯನ್ನು ನೀವು ಬಲ್ಲಿರಿ. ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ಉಪ್ಪಿನಕಾಯಿಯ ಭರಣಿ, ಶೇಂಗಾದ ಚೀಲ. ಅದರ ಮುಂದಿನ ಸೀಟಿನಲ್ಲಿ ಮೂವರು. ಕಾರಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಎರಡೂವರೆ ಮೀಟರು ಅಂತರವಿದ್ದರೆ, ಹಿಂಭಾಗ ನಾಲ್ಕೂವರೆ ಸೆಂಟಿಮೀಟರು ಕುಸಿದರೆ ಸಾಕು, ಮುಂದಿನ ದೀಪ ಒಂದು ಡಿಗ್ರಿ ಮುಗಿಲು ನೋಡುತ್ತದೆ. ತಾಯಂದಿರ ಪ್ರೀತಿಗೆ ನಾಲ್ಕೂವರೆ ಸೆಂಟಿಮೀಟರು ಏನು ದೊಡ್ಡದು? ಆ ೦, ೧, ೨, ೩ರ ಗುಂಡಿ ಇರುವುದು ಇದಕ್ಕಾಗಿಯೇ. ಭಾರ ಹೆಚ್ಚಿದಷ್ಟೂ ಅಂಕೆ ಹೆಚ್ಚಿಸಿದರೆ ದೀಪ ತಗ್ಗುತ್ತದೆ.

ಕಾನೂನೂ ಸುಮ್ಮನೆ ಕೂತಿಲ್ಲ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೦೬ನೆಯದು, ದೀಪವನ್ನು ಶಾಶ್ವತವಾಗಿ ಕೆಳಮುಖವಾಗಿ ಬಗ್ಗಿಸಿರಬೇಕು, ೮ ಮೀಟರು ದೂರದಲ್ಲಿ ಒಂದೂವರೆ ಮೀಟರು ಎತ್ತರದ ಕಣ್ಣನ್ನು ಅದು ಕೋರೈಸಬಾರದು ಎನ್ನುತ್ತದೆ. ನಾನು ಚಿಕ್ಕವನಿದ್ದಾಗ ಮೋಟಾರು ದೀಪಗಳ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿರುವುದನ್ನು ಕಂಡಿದ್ದೇನೆ. ಹೆದ್ದಾರಿಯ ನಡುಪಟ್ಟಿಯಲ್ಲಿ ಸಾಲಾಗಿ ಕಣಗಿಲೆ ನೆಟ್ಟಿರುವುದೂ ಬರೀ ಅಂದಕ್ಕಲ್ಲ. ಎದುರಿನ ಬೆಳಕನ್ನು ತಡೆಯುವುದಕ್ಕೆ. ನಮ್ಮ ತಾಯಿ ಪೂಜೆಗೆ ಬಿಡಿಸುವ ಹೂವು ಇಲ್ಲಿ ರಾತ್ರಿಯೆಲ್ಲ ಕಾವಲು ನಿಂತಿದೆ.

ತಾಯಿಯ ಮಾತು ಬಂದುದರಿಂದ ಹೇಳುತ್ತೇನೆ. ಅವರಿಗೆ ಈಗ ಎಪ್ಪತ್ತರ ಹತ್ತಿರ. “ಎದುರಿಗೆ ಗಾಡಿ ಬಂದರ ನನಗ ಏನೂ ಕಾಣೂದಿಲ್ಲಪಾ, ಬರೇ ಬೆಳ್ಳಗ” ಎನ್ನುತ್ತಾರೆ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಮಬ್ಬಾಗಿ ಬೆಳಕು ಒಳಗೆ ಚದರುತ್ತದೆ. ಕೋರೈಸಿದ ಕಣ್ಣು ಚೇತರಿಸಿಕೊಳ್ಳಲು ಹರೆಯದವರಿಗಿಂತ ಹೆಚ್ಚು ಹೊತ್ತು ಬೇಕು. ರಸ್ತೆ ದಾಟಲು ನಿಂತ ಮುದುಕಿ ಯಾರ ತಾಯಿಯೋ ಆಗಿರಬಹುದು.

ಒಂದು ಎಚ್ಚರಿಕೆ. ಮಾಮೂಲು ಬಲ್ಬಿಗೆಂದು ಮಾಡಿದ ದೀಪದೊಳಗೆ ಅಂಗಡಿಯಿಂದ ತಂದ ಬಿಳಿ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಅಂಚು ಬಿಟ್ಟು ದಿಕ್ಕುದಿಕ್ಕಿಗೆ ಚೆಲ್ಲುವುದೇ ಹೆಚ್ಚು. ಆಗ ಯಾವ ತಿರುಪಿನಿಂದಲೂ ಸರಿಹೋಗದು.

ನಮ್ಮ ಜವಾನ ಈಗ ಕೋಲು ಬಿಟ್ಟು ನಡೆಯುತ್ತಾನೆ, ಸೈಕಲ್ಲು ಮಾತ್ರ ಹತ್ತುವುದಿಲ್ಲ. ನನ್ನ ಕಾರಿಗೆ ಎದುರಿನವರು ಮಿಟುಕಿಸುವುದೂ ನಿಂತಿದೆ. ಕಾಂಪೌಂಡಿನ ಗೋಡೆಯ ಮೇಲೆ ಆ ಎರಡು ಪಟ್ಟಿಗಳನ್ನು ಸೆಕ್ರೆಟರಿಯವರ ಒಪ್ಪಿಗೆಯಿಂದಲೇ ಬಣ್ಣದಲ್ಲಿ ಬರೆಸಿದ್ದೇವೆ. ದೀಪದ ಎತ್ತರ ಬೇರೆಯಾದವರು ಪಕ್ಕದಲ್ಲಿ ತಮ್ಮ ಗೆರೆ ಎಳೆದುಕೊಳ್ಳುತ್ತಾರೆ. ವಡೋದರಾದ ಬಂಧುಗಳು ಊರಿಗೆ ಹೊರಡುವ ಮುಂಚೆ ಒಂದು ಸಂಜೆ ಬರಬಹುದು. ಟೇಪು ನಮ್ಮಲ್ಲಿದೆ, ಕಾಕಾ ಇದ್ದಾರೆ, ಚಹಾ ಕೂಡ ಆಗುತ್ತದೆ. ಡಿಕ್ಕಿ ಮಾತ್ರ ಖಾಲಿ ಇರಲಿ.