ಫೋಟೋದಲ್ಲಿ ಹನ್ನೊಂದು ಜನ

ಬ್ಲಾಗಿಗೆ ಧೂಳು ಹಿಡಿದು ತುಂಬಾ ದಿನವಾಯ್ತು. ಎಲ್ಲಿ ನಾಪತ್ತೆ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ಮತ್ತೆ ಶಾಲೆಗೆ ಸೇರಿದ್ದೆ! ಹಳೇ ಪುಸ್ತಕ, ಫೋಟೋ, ಕಾಗದಪತ್ರಗಳನ್ನು ಡಿಜಿಟಲೀಕರಣ ಮಾಡೋರಿಗಾಗಿ ಮೆಟಾಡೇಟಾ ಬಗ್ಗೆ ಒಂದು ಆನ್‌ಲೈನ್ ತರಬೇತಿ. ರಾತ್ರಿ ಊಟ ಆದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂರೋದು, ಮಧ್ಯೆ ತೂಕಡಿಸೋದು, ವಾರಕ್ಕೊಂದು ಹೋಂವರ್ಕ್.

ಮೆಟಾಡೇಟಾ ಅಂದ್ರೆ ಘನಂದಾರಿ ವಿಷಯವೇನಲ್ಲ. ಅಮ್ಮ ಉಪ್ಪಿನಕಾಯಿ ಭರಣಿಗೆ "ಅಪ್ಪೆಮಿಡಿ, ಹೋದ ವರ್ಷದ್ದು" ಅಂತ ಚೀಟಿ ಅಂಟಿಸ್ತಾಳಲ್ಲ, ಅದೇ. ಚೀಟಿ ಇಲ್ಲದಿದ್ದರೆ ಒಂದೊಂದೇ ಭರಣಿಯ ಮುಚ್ಚಳ ತೆಗೆದು ಮೂಸಬೇಕು. ಈ ಚೀಟಿಯಲ್ಲಿ ಏನೇನಿರಬೇಕು ಅನ್ನೋದಕ್ಕೆ ಡಬ್ಲಿನ್ ಕೋರ್ ಅಂತ ಒಂದು ಪಟ್ಟಿ ಇದೆ. ನಾನು ಐರ್ಲೆಂಡಿನದು ಅಂದುಕೊಂಡಿದ್ದೆ. ಅಲ್ವಂತೆ, ಅಮೆರಿಕದ ಓಹಾಯೋದಲ್ಲೂ ಒಂದು ಡಬ್ಲಿನ್ ಇದೆ, 1995ರಲ್ಲಿ ಅಲ್ಲಿ ನಡೆದ ಸಭೆಯಿಂದ ಬಂದ ಹೆಸರು. ಒಟ್ಟು 15 ಅಂಶಗಳು: ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ಸ್ಥಳ-ಕಾಲ, ಹಕ್ಕು ಇತ್ಯಾದಿ.

ಎರಡನೇ ವಾರದ ಹೋಂವರ್ಕ್: ನಿಮ್ಮಲ್ಲಿರುವ ಒಂದು ಹಳೇ ವಸ್ತುವಿಗೆ ಈ ಪಟ್ಟಿ ತುಂಬಿ.

ನನಗೋ ಜಂಭ. 2019ರಲ್ಲೇ ಸಾಗರದ ಕಡೆಯ ನಮ್ಮೂರಿಗೆ ಹೋಗಿ, ದೊಡ್ಡಪ್ಪನ ಟ್ರಂಕಿನಲ್ಲಿದ್ದ ಇನ್ನೂರಕ್ಕೂ ಹೆಚ್ಚು ಫೋಟೋ ಸ್ಕ್ಯಾನ್ ಮಾಡಿಟ್ಟಿದ್ದೆ. 600 ಡಿಪಿಐ, ಎಲ್ಲಾ ಟಿಫ್ ಫೈಲು! ಹೆಸರು ಮಾತ್ರ ಸ್ಕ್ಯಾನ್001, ಸ್ಕ್ಯಾನ್002...

ಸ್ಕ್ಯಾನ್047 ಆರಿಸಿಕೊಂಡೆ. ಯಾವುದೋ ಮದುವೆ. ಅಂಗಳದ ಚಪ್ಪರದ ಕೆಳಗೆ ಹನ್ನೊಂದು ಜನ. ಶೀರ್ಷಿಕೆ? ಗೊತ್ತಿಲ್ಲ. ದಿನಾಂಕ? ಫೋಟೋದ ಹಿಂಬದಿ ಸ್ಕ್ಯಾನ್ ಮಾಡೋ ಬುದ್ಧಿಯೇ ಬಂದಿರಲಿಲ್ಲ. ಊರಲ್ಲಿರೋ ತಮ್ಮನಿಗೆ ಹೇಳಿ ವಾಟ್ಸಾಪ್‌ನಲ್ಲಿ ತರಿಸಿಕೊಂಡೆ. ಪೆನ್ಸಿಲ್ಲಿನಲ್ಲಿ ಬರೆದಿತ್ತು: "ಪ್ಲವ ಸಂ. ವೈಶಾಖ". ಪ್ಲವ ಅರವತ್ತು ವರ್ಷಕ್ಕೊಮ್ಮೆ ಬರುತ್ತೆ. 1901? 1961? 2021?

ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಎಂತದಾ ತಮಾ ಅದು ಮೆಟಾಡೇಟಾ?" ಅಂತ ನಕ್ಕಳು. ಫೋಟೋ ಕಳಿಸಿದ ಮೇಲೆ ನಗು ನಿಂತಿತು. ಅದು ಹಳೇ ಮನೆಯ ಅಂಗಳವಂತೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಆ ಮನೆ, ಆ ಊರು ಎಲ್ಲ ನೀರಿನಡಿ. ಮದುಮಗ ನನ್ನ ಅಜ್ಜನ ತಮ್ಮ, ತುದಿಯಲ್ಲಿ ನಿಂತ ಸಣಕಲು ಹುಡುಗ ದೊಡ್ಡಪ್ಪ. ಅಲ್ಲಿಗೆ 1961ರ ಏಪ್ರಿಲ್-ಮೇ ಅಂತ ಖಾತ್ರಿಯಾಯ್ತು. ಸ್ಥಳ ಅನ್ನೋ ಖಾನೆಯಲ್ಲಿ, ಈಗ ಯಾವ ಬಸ್ಸೂ ಹೋಗದ ಊರಿನ ಹೆಸರು ಬರೆದೆ.

ದೊಡ್ಡಮ್ಮ ಒಂಬತ್ತು ಜನರನ್ನು ಗುರುತಿಸಿದಳು. ಹಿಂದಿನ ಸಾಲಿನ ಇಬ್ಬರು ಹೆಂಗಸರ ಹತ್ರ ಬಂದು ನಿಂತಳು. "ಇವಿಬ್ರು ಯಾರು ಹೇಳಿ ಗೊತ್ತಾಗ್ತಿಲ್ಲೆ ತಮಾ. ನಾ ಆ ಮನೆಗೆ ಬರೋ ಮುಂಚಿನ ಫೋಟೋ. ನಿನ್ ದೊಡ್ಡಪ್ಪಂಗೆ ಗೊತ್ತಿತ್ತು."

ದೊಡ್ಡಪ್ಪ ತೀರಿಕೊಂಡಿದ್ದು 2021ರಲ್ಲಿ, ಮತ್ತೆ ಪ್ಲವ ಬಂದ ವರ್ಷ.

ಸ್ಕ್ಯಾನ್ ಮಾಡಿದ ಆ ಎರಡೂ ದಿನ ಅವನು ನನ್ನ ಪಕ್ಕದಲ್ಲೇ ಕೂತಿದ್ದ. ಒಂದೊಂದು ಫೋಟೋ ಕೈಗೆತ್ತಿಕೊಂಡು "ಇದು ನೋಡು, ಇವಳು..." ಅಂತ ಶುರು ಮಾಡುತ್ತಿದ್ದ. ನಾನು "ದೊಡ್ಡಪ್ಪ, ಆಮೇಲೆ ಹೇಳು, ಕರೆಂಟ್ ಹೋಗೋದ್ರೊಳಗೆ ಮುಗಿಸ್ಬೇಕು" ಅಂದಿದ್ದೆ. ಒಂದು ಸಲ ಅಲ್ಲ, ತುಂಬಾ ಸಲ.

ಆ ಎರಡು ಜಾಗದಲ್ಲಿ "ಗುರುತು ಸಿಕ್ಕಿಲ್ಲ" ಅಂತ ಬರೆದು ಹೋಂವರ್ಕ್ ಕಳಿಸಿದೆ. ಊಹೆ ಮಾಡಿ ತುಂಬಬಾರದು ಅಂತ ಮೊದಲ ಪಾಠದಲ್ಲೇ ಹೇಳಿದ್ದರು. ಒಳ್ಳೇ ಅಂಕವೇ ಬಂತು. ಖುಷಿಯಾಗಲಿಲ್ಲ.

ಮುಂದಿನ ವಾರ ಊರಿಗೆ ಹೊರಟಿದ್ದೀನಿ. ಸ್ಕ್ಯಾನರ್ ಒಯ್ಯುತ್ತಿಲ್ಲ, ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ದೊಡ್ಡಮ್ಮ ಹೇಳಿದ್ದಷ್ಟನ್ನೂ ಬರ್ಕೊಳ್ಳೋದು, ಯಾರು ಹೇಳಿದ್ದು, ಯಾವತ್ತು ಅನ್ನೋದರ ಸಮೇತ.

ನಿಮ್ಮನೆ ಅಟ್ಟದ ಮೇಲೂ ಒಂದು ಟ್ರಂಕು ಇದ್ದೇ ಇರುತ್ತೆ. ಸ್ಕ್ಯಾನ್ ಯಾವಾಗಲಾದರೂ ಮಾಡಬಹುದು. ಈ ಭಾನುವಾರ ಮನೆಯ ಹಿರಿಯರ ಪಕ್ಕ ಕೂತು, ಫೋಟೋದಲ್ಲಿ ಇರೋರು ಯಾರು ಅಂತ ಒಮ್ಮೆ ಕೇಳ್ತೀರಾ?