ಕಡ್ಲಿ ಕೀಡಿಯ ಅವ್ವ ಯಾರು?

ನಮ್ಮ ಮೆಣಸಗಿಯ ಎರಿ ಹೊಲದಾಗ ಹಿಂಗಾರಿಗೆ ಕಡಲೆ ಬಿತ್ತುತ್ತಾರೆ. ಕಾಯಿ ಕಟ್ಟುವ ಹೊತ್ತಿಗೆ ಹಸಿರು ಕೀಡಿ ಬರುತ್ತದೆ. ತಲೆ ಕಾಯಿಯೊಳಗೆ, ಅರ್ಧ ಮೈ ಹೊರಗೆ. ಒಂದೇ ಕೀಡಿ 30-40 ಕಾಯಿ ಹಾಳು ಮಾಡುತ್ತದೆ.

ಇದರ ಅವ್ವ ಯಾರೆಂದು ನಮ್ಮ ಓಣಿಯ ಹಿರಿಯರನ್ನು ಕೇಳಿದೆ. "ಮೋಡ ಮುಸುಕಿದರ ತಾನಾ ಹುಟ್ಟತೈತಿ" ಅಂದರು. ಮೋಡ ಇದ್ದಾಗ ಕೀಡಿ ಹೆಚ್ಚುವುದು ಖರೆ. ಆದರೆ ಮೋಡ ಕೀಡಿಯನ್ನು ಹಡೆಯುವುದಿಲ್ಲ. ರಾತ್ರಿ ದೀಪಕ್ಕೆ ಬಂದು ಬಡಿದುಕೊಳ್ಳುವ ಕಂದು ಬಣ್ಣದ ಪತಂಗಗಳಲ್ಲಿ ಒಂದು ಇದರ ಅವ್ವ. ಅದು ಗಸಗಸೆಗಿಂತ ಸಣ್ಣ ತತ್ತಿಗಳನ್ನು ಒಂದೊಂದಾಗಿ ಇಡುತ್ತದೆ, ಒಟ್ಟು ಸಾವಿರದಷ್ಟು. 3-4 ದಿನಕ್ಕೆ ಮರಿ ಹೊರಬರುತ್ತದೆ. ಎರಡು ಮೂರು ವಾರ ತಿಂದು ಮಣ್ಣಿಗಿಳಿದು ಕೋಶವಾಗುತ್ತದೆ. ಕೋಶದಿಂದ ಮತ್ತೆ ಪತಂಗ.

ಇದರ ಹೆಸರು ಹೆಲಿಕೋವರ್ಪ ಆರ್ಮಿಜೆರಾ. ಹೆಲಿಕೋವರ್ಪ ಮನೆತನದ ಹೆಸರಿದ್ದಂತೆ. 1965ರಲ್ಲಿ ಕೆನಡಾದ ಹಾರ್ಡ್ವಿಕ್ ಎಂಬ ವಿಜ್ಞಾನಿ ಈ ಹೆಸರಿಟ್ಟರು. ಅಣ್ಣತಮ್ಮಂದಿರು ಬೇರೆ ಬೇರೆ ಕಡೆ ಇದ್ದಾರೆ. ಜಿಯಾ ಅಮೆರಿಕದಾಗ ಗೋವಿನಜೋಳ ತಿಂತದ. ಪಂಕ್ಟಿಜೆರಾ ಆಸ್ಟ್ರೇಲಿಯಾದ್ದು. ಅಸಲ್ಟಾ ನಮ್ಮ ದೇಶದಲ್ಲೂ ಉಂಟು, ಅದಕ್ಕೆ ತಂಬಾಕು, ಮೆಣಸಿನಕಾಯಿ ಬೇಕು. ಆರ್ಮಿಜೆರಾ ಮಾತ್ರ ಕಡಲೆ, ತೊಗರಿ, ಹತ್ತಿ, ಸೂರ್ಯಕಾಂತಿ ಯಾವುದನ್ನೂ ಬಿಡುವುದಿಲ್ಲ.

ನಮ್ಮ ಮನೆಯಾಗ ಅಂಗಡಿ ಸಾಲ, ಅಕ್ಕನ ಕಾಲೇಜು ಫೀ ಎಲ್ಲಾ ಕಡಲೆಯಿಂದಲೇ. ಹೋದ ವರ್ಷ ಅಪ್ಪ ಮೂರು ಸಲ ಎಣ್ಣಿ ಹೊಡೆದ. ಮೂರನೇ ಸಲ ತಲೆ ತಿರುಗಿ ಬದುವಿನ ಮೇಲೆ ಕುಂತ. ಅವ್ವ ನೀರು ತಂದು ಮುಖ ತೊಳೆಸಿದಳು. ಕೀಡಿ ಹಂಗೇ ಇದ್ದವು. ದೊಡ್ಡ ಕೀಡಿ ಕಾಯಿಯೊಳಗೆ ಇರುವುದರಿಂದ ಎಣ್ಣಿ ಸರಿಯಾಗಿ ತಾಗುವುದಿಲ್ಲ. ಒಂದೇ ಎಣ್ಣಿ ಪದೇ ಪದೇ ಹೊಡೆದರೆ ಅದನ್ನು ತಾಳಿಕೊಂಡ ಹುಳಗಳೇ ಉಳಿದು, ಅವುಗಳ ಸಂತತಿಯೇ ಬೆಳೆಯುತ್ತದೆ.

ಅದಕ್ಕೆ ಪತಂಗ ಕಂಡಾಗಲೇ ಎಚ್ಚರಾಗಬೇಕು. ಹೊಲದಾಗ ಮೋಹಕ ಬಲೆ ಕಟ್ಟಿದರೆ ಹೆಣ್ಣಿನ ವಾಸನೆಗೆ ಗಂಡು ಪತಂಗ ಬಂದು ಬೀಳುತ್ತವೆ. ಅವನ್ನು ಎಣಿಸಿದರೆ ಕೀಡಿ ಬರುವ ಸುಳಿವು ಸಿಗುತ್ತದೆ. ಕವಲಿನ ಕೋಲು ನೆಟ್ಟರೆ ಹಕ್ಕಿ ಕುಂತು ಕೀಡಿ ಆರಿಸುತ್ತವೆ. ಬೇಸಿಗೆಯಲ್ಲಿ ಆಳವಾಗಿ ರಂಟೆ ಹೊಡೆದರೆ ಮಣ್ಣಿನ ಕೋಶ ಬಿಸಿಲಿಗೆ ಬಿದ್ದು ಸಾಯುತ್ತವೆ.

ಇನ್ನೊಂದು ಮಾತು. ಗಿಡದ ತುದಿಗೆ ತಲೆಕೆಳಗಾಗಿ ಜೋತುಬಿದ್ದ ಸತ್ತ ಕೀಡಿ ಕಂಡರೆ ಕಿತ್ತು ಒಗೆಯಬೇಡಿರಿ. ಅದಕ್ಕೆ ಎನ್.ಪಿ.ವಿ. ಎಂಬ ನಂಜುರೋಗ ತಗುಲಿರುತ್ತದೆ. ಅದು ಒಡೆದು ಎಲೆಗೆ ಸೋರಿದರೆ, ಆ ಎಲೆ ತಿಂದ ಬೇರೆ ಕೀಡಿಗಳೂ ಸಾಯುತ್ತವೆ. ದನಕ್ಕೆ, ಹಕ್ಕಿಗೆ, ನಮಗೆ ಅದರಿಂದ ಏನೂ ಆಗದು. ನಿಮ್ಮ ಹೊಲದಾಗ ಅಂಥದ್ದು ಕಂಡರೆ ಮನೆಯವರಿಗೆ ತೋರಿಸಿರಿ, ನನಗೂ ಹೇಳಿರಿ.