ಹಿಪ್ಪರಗಿಯ ಖಾಲಾ ಮತ್ತು ಹನ್ನೊಂದು ಬೆಳ್ಳಿ ರೂಪಾಯಿ

ಜಮಖಂಡಿಯಿಂದ ರಬಕವಿ-ಬನಹಟ್ಟಿಯ ಕಡೆಗೆ ನೀವು ಬಸ್ಸು ಹಿಡಿದರೆ ದಾರಿಯುದ್ದಕ್ಕೂ ಕಬ್ಬಿನ ಹೊಲ. ಬನಹಟ್ಟಿ ಬಂತೆಂದು ಕಂಡಕ್ಟರ್ ಕೂಗಬೇಕಿಲ್ಲ, ಮಗ್ಗದ ಸದ್ದೇ ಹೇಳುತ್ತದೆ. ಹಿಪ್ಪರಗಿ ಇರುವುದು ಕೃಷ್ಣಾ ನದಿಯ ದಂಡೆಯಲ್ಲಿ. ವಿಜಯಪುರ ಜಿಲ್ಲೆಯ ದೇವರಹಿಪ್ಪರಗಿ ಬೇರೆ. ನಾನು ಹೇಳುತ್ತಿರುವುದು ಬ್ಯಾರೇಜಿನ ಹಿಪ್ಪರಗಿ.

ಬ್ಯಾರೇಜಿನ ಬಳಿ ನಿಂತು ನೋಡಿ. ಎಷ್ಟು ಶಾಂತವಾದ ನೀರು! ಇದೇ ನದಿ 2019ರ ಆಗಸ್ಟ್‌ನಲ್ಲಿ ದಂಡೆಯ ಊರುಗಳ ಜನರನ್ನು ಮನೆ ಬಿಡಿಸಿತ್ತು. ನನ್ನ ಪತಿಯ ಖಾಲಾ ಅಂದು ಎರಡೇ ಸಾಮಾನು ಎತ್ತಿಕೊಂಡು ಹೊರಟರಂತೆ. ರೇಶನ್ ಕಾರ್ಡಿನ ಚೀಲ ಒಂದು, ಅವರ ಅತ್ತೆ ಕೊಟ್ಟಿದ್ದ ಬೆಳ್ಳಿ ರೂಪಾಯಿಗಳ ಗಂಟು ಇನ್ನೊಂದು.

ನಾವು ಹೋದಾಗ ಆ ಗಂಟು ಬಿಚ್ಚಿತ್ತು. ಮೊಮ್ಮಗಳ ಹಾಸ್ಟೆಲ್ ಫೀಸಿಗೆ ಹಣ ಬೇಕಾಗಿತ್ತು. ಹಿಂದಿನ ದಿನವಷ್ಟೇ ಅಂಗಡಿಯವನೊಬ್ಬ ಒಂದನ್ನು ಬದಿಗಿಟ್ಟು ಉಳಿದ ಹತ್ತನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ, "ಎಲ್ಲಾ ಅರ್ಧ ಬೆಳ್ಳಿ" ಎಂದು ಒಂದೇ ದರ ಹೇಳಿದ್ದನಂತೆ.

"ಬೆಳ್ಳಿ ಅಂದ್ರ ಬೆಳ್ಳಿ ಬೇಟಿ. ಅದರ ಮ್ಯಾಲ ರಾಣಿ ಇದ್ರೇನು, ರಾಜಾ ಇದ್ರೇನು?" ಎಂದರು ಖಾಲಾ.

ನನ್ನ ಅಬ್ಬಾರಿಗೆ ನಾಣ್ಯ ಕೂಡಿಡುವ ಹವ್ಯಾಸವಿತ್ತು. ಅವರಿಂದ ಕಲಿತದ್ದು ಅಂದು ಉಪಯೋಗಕ್ಕೆ ಬಂತು. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥ ಗಂಟು ಇರಬಹುದು, ಸಹೋದರಿಯರೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳೆಯ ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಝಕಾತ್‌ನ ನಿಸಾಬ್ 52.5 ತೊಲ ಬೆಳ್ಳಿ ಎಂದು ನಮ್ಮ ಹಿರಿಯರು ಲೆಕ್ಕ ಹಾಕುವ ತೊಲವೂ ಇದೇ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಇವರ ಮುಖವಿರುವ ರೂಪಾಯಿಗಳಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಯುದ್ಧಕಾಲದಲ್ಲಿ, 1940ರಿಂದ 1945ರವರೆಗೆ, ಅದು ಅರ್ಧಕ್ಕೆ ಇಳಿಯಿತು. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್; ಅಯಸ್ಕಾಂತ ಹಿಡಿದರೆ ಟಪ್ಪನೆ ಅಂಟಿಕೊಳ್ಳುತ್ತದೆ.

2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂ. ದಾಟಿ ಮುಂದೆ ಹೋಯಿತು. ಲೆಕ್ಕಕ್ಕೆ ಲಕ್ಷವನ್ನೇ ಹಿಡಿಯಿರಿ. ವಿಕ್ಟೋರಿಯಾ ರೂಪಾಯಿಯೊಳಗಿನ ಬೆಳ್ಳಿ 1,069 ರೂ., 1944ರ ರೂಪಾಯಿಯದು 583 ರೂ. ಖಾಲಾರ ಹನ್ನೊಂದರಲ್ಲಿ ಎಂಟು 92 ಪಾಲಿನವು, ಎರಡು ಅರ್ಧ ಬೆಳ್ಳಿಯವು, ಒಂದು ನಿಕ್ಕಲ್. ಎಂಟನ್ನೂ ಅರ್ಧ ಬೆಳ್ಳಿಯೆಂದು ಕೊಟ್ಟಿದ್ದರೆ ಸುಮಾರು 3,900 ರೂ. ಕೈಬಿಡುತ್ತಿತ್ತು!

ಇದು ಲೋಹದ ಬೆಲೆಯ ಮಾತಾಯಿತು. ಸಂಗ್ರಹಕಾರರ ಬೆಲೆಯ ಲೆಕ್ಕವೇ ಬೇರೆ. ಹಳೆಯದಾದರೆ ಸಾಕು, ಲಕ್ಷ ಬರುತ್ತದೆ ಎಂದು ನಂಬಬೇಡಿ. 1862 ಎಂದು ಮುದ್ರಿತವಾದ ರೂಪಾಯಿಯನ್ನು 1874ರವರೆಗೂ ಅದೇ ಇಸವಿ ಹಾಕಿ ಟಂಕಿಸಿದರು, ಹಾಗಾಗಿ ಅದು ಬೇಕಾದಷ್ಟಿದೆ. ಬೆಲೆ ಏರುವುದು ವಿರಳತೆಯಿಂದ ಮತ್ತು ನಾಣ್ಯದ ಸ್ಥಿತಿಯಿಂದ. ಸರಕ್ಕೆಂದು ಕೊಂಡಿ ಬೆಸೆಸಿದರೆ ಸಂಗ್ರಹಕಾರ ಮುಖ ತಿರುಗಿಸುತ್ತಾನೆ. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಸಿದರೂ ಅಷ್ಟೇ. ಹೊಳೆಸುವುದು ನಮಗೆ ಹೆಂಗಸರಿಗೆ ಅಭ್ಯಾಸ, ಏನು ಮಾಡೋಣ!

ಗಂಟಿನಲ್ಲಿ 1911ರ ಒಂದು ರೂಪಾಯಿ ಇತ್ತು. ಭೂತಗನ್ನಡಿ ತರಿಸಿ ಖಾಲಾರ ಕೈಗೆ ಕೊಟ್ಟೆ. ರಾಜನ ನಿಲುವಂಗಿಯ ಮೇಲೆ ಚಿಕ್ಕದೊಂದು ಆನೆಯಿದೆ. ಸೊಂಡಿಲು, ಕಾಲು ಮೋಟಾಗಿ ಬಿದ್ದು ಅದು ಹಂದಿಯ ಹಾಗೆ ಕಂಡಿತು. ಮುಸ್ಲಿಮರು ಆಕ್ಷೇಪಿಸಿದರು. ಸರಕಾರ ಆ ನಾಣ್ಯಗಳನ್ನು ಹಿಂದೆಗೆದುಕೊಂಡು, 1912ರಲ್ಲಿ ಸೊಂಡಿಲು ಸ್ಪಷ್ಟವಾಗಿ ಕಾಣುವ ಹೊಸ ಅಚ್ಚು ಹೊರತಂದಿತು. ತಪ್ಪಿಸಿಕೊಂಡು ಉಳಿದವು ಕಡಿಮೆ. ಬೆಳ್ಳಿ ಅಷ್ಟೇ, ತೂಕ ಅಷ್ಟೇ, ಆದರೂ 1911ರದ್ದಕ್ಕೆ 1912ರದ್ದಕ್ಕಿಂತ ಹೆಚ್ಚು ಬೆಲೆ.

"ಅಸ್ತಗ್‌ಫಿರುಲ್ಲಾಹ್! ಇದನ್ನ ಇಷ್ಟು ವರ್ಷ ಕುರ್‌ಆನ್ ಇಟ್ಟ ಕಪಾಟಿನ್ಯಾಗ ಇಟ್ಟಿದ್ನೇನು?" ಎಂದು ಖಾಲಾ ಕೈಯಿಂದ ಬಿಟ್ಟೇಬಿಟ್ಟರು. ಅದು ಆನೆಯೇ ಎಂದು ನಂಬಿಸಲು ಅರ್ಧ ಗಂಟೆ ಹಿಡಿಯಿತು.

1919ರ ಎರಡು ರೂಪಾಯಿಗಳೂ ಇದ್ದವು. ಮೊದಲ ಮಹಾಯುದ್ಧದ ವೇಳೆ ಬೆಳ್ಳಿ ಎಷ್ಟು ತುಟ್ಟಿಯಾಯಿತೆಂದರೆ, ಸರಕಾರ 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ತಂದಿತು. 1918ರಲ್ಲಿ ಅಮೆರಿಕ ಕಾನೂನು ಮಾಡಿ 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಅದರಲ್ಲಿ ಹೆಚ್ಚಿನ ಪಾಲು ಬಂದದ್ದು ಹಿಂದುಸ್ತಾನದ ರೂಪಾಯಿಗಾಗಿ. ಖಾಲಾರ ಅಂಗೈಯಲ್ಲಿದ್ದ ರೂಪಾಯಿ ಎಂದೋ ಡಾಲರ್ ಆಗಿತ್ತೇನೋ, ಯಾರಿಗೆ ಗೊತ್ತು.

ಈ ಸೀಮೆ ಹಿಂದೆ ಬಿಜಾಪುರದ ಆದಿಲಶಾಹಿಗಳದು. ಎರಡನೇ ಅಲಿ ಆದಿಲಶಾಹನ ಕಾಲದ ಲಾರಿ ಎಂಬ ನಾಣ್ಯ ದುಂಡಗಿಲ್ಲ, ತಲೆಗೆ ಸಿಕ್ಕಿಸುವ ಪಿನ್ನಿನಂತೆ ಮಡಚಿದ ಬೆಳ್ಳಿ ತಂತಿ. ತೂಕ ಐದು ಗ್ರಾಮೂ ಇಲ್ಲ. ಗೊತ್ತಿಲ್ಲದವರು ಮುರುಕು ತಂತಿಯೆಂದು ಕರಗಿಸಿಬಿಡುತ್ತಾರೆ. ಆದರೆ ಪಾಯ ಅಗೆಯುವಾಗ ಇಂಥ ನಿಧಿ ಸಿಕ್ಕಿದರೆ ಬಚ್ಚಿಡುವಂತಿಲ್ಲ. ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ.

ಸಂಜೆಯ ಚಹಾ ಮುಗಿಯುವಷ್ಟರಲ್ಲಿ ಖಾಲಾ ತಾವೇ ವಿಂಗಡಿಸಿದರು. ಕೊಂಡಿ ಬೆಸೆದಿದ್ದ ಮೂರು ವಿಕ್ಟೋರಿಯಾ ಮತ್ತು 1944ರ ಎರಡು ಮಾರಾಟಕ್ಕೆ, ಆದರೆ ಬೇರೆ ಅಂಗಡಿಯಲ್ಲಿ, ಬೇರೆಬೇರೆಯಾಗಿ ತೂಗಿಸಿ. ಹಾಸ್ಟೆಲಿನ ಮೊದಲ ಕಂತಿಗೆ ಅಷ್ಟು ಸಾಕು. 1911ರದ್ದನ್ನು ಬಲ್ಲವರಿಗೆ ತೋರಿಸದೆ ಕೊಡುವುದಿಲ್ಲ ಎಂದರು. ಅದನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಅಟ್ಟದ ಮೇಲಿಟ್ಟರು, ಕಪಾಟಿಗೆ ಹಿಂತಿರುಗಿಸಲಿಲ್ಲ. ಹುಲಿ ರೂಪಾಯಿ ಮಾತ್ರ ಚಿಕ್ಕ ಮೊಮ್ಮಗನ ಪಾಲಾಯಿತು. ನಾವು ಬಸ್ಸಿಗೆ ಹೊರಡುವಾಗಲೂ ಅವನು ಅಯಸ್ಕಾಂತಕ್ಕೆ ಅದನ್ನು ಅಂಟಿಸಿ, ಕಿತ್ತು, ಮತ್ತೆ ಅಂಟಿಸುತ್ತಿದ್ದ.